ಹಾರಿಸದೆ ಬಿಟ್ಟ ಗುಂಡು

ಬ್ಲೂಮ್‌ಫಾಂಟೇನ್ ಶಿಬಿರ
೯ ಜೂನ್ ೧೯೦೨

ಪ್ರೀತಿಯ ಥ್ಯೂನಿಸ್,

ಇಂಗ್ಲಿಷರ ಜೊತೆಗಿನ ಯುದ್ಧ ಮುಗಿಯಿತಂತೆ. ಅವರು ನಮ್ಮನ್ನು ಕೂಡಿಹಾಕಿದ ಈ ಶಿಬಿರದಲ್ಲಿ ಸುದ್ದಿ ಹೇಳಿದವನು ಸಾಬೂನು ಹಂಚುವ ಗುಮಾಸ್ತ. ಸಾಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳೂ ಅಳಲಿಲ್ಲ, ನಗಲಿಲ್ಲ. ನನ್ನ ಹಿಂದಿದ್ದಾಕೆ, "ಹಾಗಾದ್ರೆ ಇವತ್ತು ಸಾಬೂನು ಕೊಡ್ತೀರೋ ಇಲ್ವೋ?" ಎಂದು ಕೇಳಿದಳು. ಅವನು ಕೊಟ್ಟ.

ಗುಡಾರಕ್ಕೆ ಬಂದು ಅತ್ತೆಗೆ ಹೇಳಿದೆ. ನಮ್ಮ ಗಣರಾಜ್ಯ ಇನ್ನಿಲ್ಲ ಎಂದೆ, ಇನ್ನು ಮುಂದೆ ನಾವು ಇಂಗ್ಲಿಷ್ ದೊರೆಯ ಪ್ರಜೆಗಳು ಎಂದೆ. ಅವರು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಥ್ಯೂನಿಸ್ ಯಾವಾಗ ಬರ್ತಾನೆ?" ಎಂದು ಮಾತ್ರ ಕೇಳಿದರು. ಆಮೇಲೆ ಪೆಟ್ಟಿಗೆ ತಡಕಿ ನಿನ್ನ ಹಳೆಯ ಅಂಗಿಯೊಂದನ್ನು ಹೊರತೆಗೆದು, ಗುಂಡಿಗಳು ಇವೆಯೋ ಇಲ್ಲವೋ ಎಂದು ಬೆರಳಿನಿಂದಲೇ ಎಣಿಸಿದರು. ಅವರ ಎರಡು ಕಣ್ಣಿಗೂ ಪೊರೆ ಬಂದಿದೆ. ಬೆಳಕು, ನೆರಳು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ನಿನ್ನ ಪತ್ರ ಬಂದರೆ ನಾನೇ ಓದಿ ಹೇಳುತ್ತೇನೆ. ಎರಡು ವರ್ಷದಲ್ಲಿ ನಾಲ್ಕೇ ಪತ್ರ ಬರೆದಿದ್ದೀಯ. ನಾಲ್ಕನ್ನೂ ಅವರು ಬಾಯಿಪಾಠ ಮಾಡಿಕೊಂಡಿದ್ದಾರೆ.

ಆ ನಾಲ್ಕರಲ್ಲಿ ಒಂದರಲ್ಲೂ ನಿನ್ನ ಅಣ್ಣ ಫ್ಲೋರಿಸರ ಹೆಸರಿಲ್ಲ. ಸೆರೆಯಾಳುಗಳ ಪತ್ರವನ್ನು ಒಡೆದು ಓದುವ ಅಧಿಕಾರಿ ಹೊಡೆದು ಹಾಕಿರಬೇಕು ಎಂದು ಮೊದಲು ಅಂದುಕೊಂಡೆ. ಆದರೆ ಕಾಗದದಲ್ಲಿ ಎಲ್ಲೂ ಮಸಿ ಬಳಿದಿರಲಿಲ್ಲ.

ಬೇಗ ಬಾ. ಅತ್ತೆಗೆ ಉಳಿದಿರುವ ಮಗ ನೀನೊಬ್ಬನೇ.

ನಿನ್ನ ಅತ್ತಿಗೆ,
ಆಲೆಟ್ಟಾ


ಬ್ರಾಡ್‌ಬಾಟಮ್ ಶಿಬಿರ, ಸೇಂಟ್ ಹೆಲೆನಾ ದ್ವೀಪ
೨೮ ಜೂನ್ ೧೯೦೨

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರ ತಲುಪಿತು. ಇಲ್ಲಿ ಒಂದು ಮೇಜು ಹಾಕಿದ್ದಾರೆ. ದೊರೆಗೆ ನಿಷ್ಠನಾಗಿರುತ್ತೇನೆ ಎಂಬ ಕಾಗದಕ್ಕೆ ಅಲ್ಲಿ ಸಹಿ ಹಾಕಿದವರಿಗೆ ಹಡಗು ಸಿಗುತ್ತದೆ. ನಮ್ಮ ಜೊತೆ ಸೆರೆಸಿಕ್ಕ ರೈತರು ಒಬ್ಬೊಬ್ಬರಾಗಿ ಹೋಗಿ ಹಾಕುತ್ತಿದ್ದಾರೆ. ನಾನು ಹಾಕಿಲ್ಲ.

ನಾನು ಫಿರಂಗಿ ಪಡೆಗೆ ಸೇರಿದ ದಿನ ಕೋಟೆಯಂಗಳದಲ್ಲಿ ಫಿರಂಗಿಯ ಕೊಳವೆಯ ಮೇಲೆ ಅಂಗೈ ಇಟ್ಟು ಪ್ರಮಾಣ ಮಾಡಿದ್ದೆ. ಜನವರಿಯ ನಡುಬೇಸಿಗೆಯ ಬಿಸಿಲು, ಉಕ್ಕು ಕಾದಿತ್ತು. ಕೈ ಎಳೆದುಕೊಂಡರೆ ನಮ್ಮ ಜರ್ಮನ್ ಬೋಧಕರು ಮೊದಲಿನಿಂದ ಹೇಳಿಸುತ್ತಿದ್ದರು. ನಾನು ಎಳೆದುಕೊಳ್ಳಲಿಲ್ಲ. ರೈತರು ಅಂಥ ಪ್ರಮಾಣ ಮಾಡಿದವರಲ್ಲ. ಯುದ್ಧ ಬಂದಾಗ ತಮ್ಮದೇ ಕುದುರೆ ಹತ್ತಿ ಬಂದರು, ಕುರಿಯ ಉಣ್ಣೆ ಕತ್ತರಿಸುವ ಕಾಲ ಬಂದಾಗ ಕೆಲವರು ಹೇಳಿ ಹೋದರು, ಕೆಲವರು ಹೇಳದೆ ಹೋದರು. ಸಂಬಳ ತೆಗೆದುಕೊಂಡವರು, ಸಲಾಮು ಹೊಡೆದವರು ನಾವು ನಾನೂರು ಜನ ಮಾತ್ರ.

ಇಲ್ಲಿಯೂ ನಮ್ಮನ್ನು ಸಮವಸ್ತ್ರದ ಹೆಸರಿನಿಂದ ಕಿತ್ತಳೆ ಕಾಲರಿನವರು ಎಂದೇ ಕರೆಯುತ್ತಾರೆ. ಪಕ್ಕದ ಗುಡಿಸಲಿನ ಮುದುಕನೊಬ್ಬ ದಿನವೂ, "ಏನಪ್ಪಾ ಫಿರಂಗಿ, ಇವತ್ತು ಯಾರ ಹುಟ್ಟುಹಬ್ಬ? ಹಾರಿಸಲ್ವಾ ಇಪ್ಪತ್ತೊಂದು ತೋಪು?" ಎನ್ನುತ್ತಾನೆ. ನಾನು ನಗುತ್ತೇನೆ.

ಅವ್ವನಿಗೆ ಮೂಳೆಯಲ್ಲಿ ಕೆತ್ತಿದ ಸೂಜಿಡಬ್ಬಿ ಕಳಿಸಿದ್ದೇನೆ. ಕಣ್ಣು ಕಾಣದಿದ್ದರೂ ಮುಚ್ಚಳದ ಮೇಲಿನ ದ್ರಾಕ್ಷಿಗೊಂಚಲು ಬೆರಳಿಗೆ ಸಿಗುತ್ತದೆ. ಇಲ್ಲಿಂದ ಕೆಲವರು ಅರ್ಜೆಂಟೀನಾಕ್ಕೆ ಹೋಗುವ ಮಾತಾಡುತ್ತಿದ್ದಾರೆ. ಅಲ್ಲಿ ಭೂಮಿ ಕೊಡುತ್ತಾರಂತೆ.

ಇತಿ,
ಥ್ಯೂನಿಸ್ ಓಡೆಂದಾಲ್


ಡ್ರೀಹೂಕ್
೨೦ ಜುಲೈ ೧೯೦೨

ಪ್ರೀತಿಯ ಥ್ಯೂನಿಸ್,

ಮನೆಗೆ ಬಂದಿದ್ದೇವೆ. ಮನೆ ಎಂದರೆ ನಾಲ್ಕು ಗೋಡೆ, ಇಂಗ್ಲಿಷರು ಸುಟ್ಟ ತೊಲೆ, ಅದಕ್ಕೆ ಒರಗಿಸಿ ಕಟ್ಟಿದ ಸರ್ಕಾರಿ ಗುಡಾರ. ಒಲೆ ಮಾತ್ರ ಹಾಗೇ ಇದೆ. ಅತ್ತೆ ಬಂದವರೇ ಒಲೆಯ ಬಾಯೊಳಗೆ ಕೈ ಹಾಕಿ, "ಹಕ್ಕಿ ಗೂಡು ಕಟ್ಟಿದೆ ಕಣೇ, ತೆಗೀಬೇಡ ಇವತ್ತು," ಎಂದರು. ಮೂರು ದಿನ ಹೊರಗೆ ಬೆಂಕಿ ಹಾಕಿ ಅಡುಗೆ ಮಾಡಿದೆ.

ನಿನ್ನ ಪತ್ರ ಓದಿ ಹೇಳಿದೆ. ನೀನು ಸಹಿ ಹಾಕಿಲ್ಲ ಎಂಬುದನ್ನು ಅವರು ಹೋದಲ್ಲೆಲ್ಲ ಹೇಳುತ್ತಿದ್ದಾರೆ. "ಎಲ್ಲರ ಮಕ್ಕಳೂ ಕಾಗದ ನೋಡಿದ ಕೂಡ್ಲೆ ಓಡಿದ್ರು. ನನ್ನ ಮಗ ಕೂತಿದಾನೆ." ಕಳೆದ ಭಾನುವಾರ ಪಾದ್ರಿಯವರು ಬೋಧನೆಯಲ್ಲಿ ನಿನ್ನ ಹೆಸರೆತ್ತಿದರು. ಕೊನೆಯವರೆಗೂ ತನ್ನ ಮಾತಿಗೆ ನಿಂತವನು ಎಂದರು. ಹೆಂಗಸರೆಲ್ಲ ತಿರುಗಿ ನಮ್ಮನ್ನು ನೋಡಿದರು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು.

ನಾನು ನಂಬಲಿಲ್ಲ, ಥ್ಯೂನಿಸ್. ಒಂದು ಕಾಗದದ ಸಲುವಾಗಿ ಕುರುಡಿ ತಾಯಿಯನ್ನು ಕಾಯಿಸುವವನು ನೀನಲ್ಲ. ನೀನು ಮೊದಲ ಸಲ ಕಿತ್ತಳೆ ಕಾಲರ್ ಹಾಕಿಕೊಂಡು ಬಂದ ದಿನ ಫ್ಲೋರಿಸ್ ಈ ಅಂಗಳದಲ್ಲೇ ಹೇಗೆ ಕಾಡಿಸಿದರು ನೆನಪಿದೆಯಾ? "ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಪಟಾಕಿ ಹೊಡಿಯೋಕೆ ಸಂಬಳ ಕೊಡ್ತಾರಂತೆ, ಕೇಳಿದ್ಯಾ ಆಲೆಟ್ಟಾ? ನೀವು ಹಾರಿಸಿದ ದಿನ ಬ್ಲೂಮ್‌ಫಾಂಟೇನ್ ಕೋಳಿಗಳು ಮೊಟ್ಟೆ ಇಡಲ್ವಂತೆ, ಹೌದೇನೋ?" ಎಂದಾಗ ನೀನು ಸಿಟ್ಟಾಗಿ ಊಟ ಬಿಟ್ಟೆ. ಸಂಜೆ ಹೊತ್ತಿಗೆ ನೀನೇ ಹೋಗಿ ಅಣ್ಣನ ಪಕ್ಕ ಕೂತೆ. ನಿನಗೆ ಕೋಪ ಇಟ್ಟುಕೊಳ್ಳಲು ಬರುವುದಿಲ್ಲ. ಬೇರೆ ಏನನ್ನೋ ಇಟ್ಟುಕೊಂಡಿದ್ದೀಯ.

ರೀಟ್‌ಕಾಯ್ಲ್ ಗುಡ್ಡದ ಕಾಳಗದ ದಿನ ನಾನು ಹಿಂದೆ ಬಂಡಿಗಳ ಹತ್ತಿರ ಇದ್ದೆ. ನಮ್ಮವರು ಅಡಗಿದ್ದ ಕೊರಕಲಿಗೆ ಇಂಗ್ಲಿಷರ ಗುಂಡು ಬಿತ್ತು, ಫ್ಲೋರಿಸ್ ಹೋದರು ಎಂದು ಕಮಾಂಡೆಂಟ್ ಬಂದು ಹೇಳಿದರು. ನಾನು ಹೋಗುವಷ್ಟರಲ್ಲಿ ಕಂಬಳಿ ಹೊದೆಸಿದ್ದರು. ಸಂಜೆ ನೀನು ಬಂದೆ. ಟೋಪಿ ಕೈಯಲ್ಲಿ ಹಿಡಿದು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಹತ್ತಿರ ಬಾರದೆ ಹೊರಟುಹೋದೆ. ಆಮೇಲೆ ನಾನು ನಿನ್ನನ್ನು ನೋಡಿಲ್ಲ.

ಯಾಕೆ ಹತ್ತಿರ ಬರಲಿಲ್ಲ? ಬರೆ.

ನಿನ್ನ ಅತ್ತಿಗೆ,
ಆಲೆಟ್ಟಾ


ಬ್ರಾಡ್‌ಬಾಟಮ್ ಶಿಬಿರ
೧೦ ಆಗಸ್ಟ್ ೧೯೦೨

ಅತ್ತಿಗೆ,

ಇದನ್ನು ಅವ್ವನಿಗೆ ಓದುವ ಮುಂಚೆ ನೀವೊಬ್ಬರೇ ಓದಿ.

ಅದು ಇಂಗ್ಲಿಷರ ಗುಂಡಲ್ಲ. ನಮ್ಮ ಎರಡನೇ ಫಿರಂಗಿಯದು. ಗುರಿ ಇಟ್ಟವನು ನಾನು.

ಹಿಂದಿನ ಸಂಜೆ ರೈತರು ಸಭೆ ಸೇರಿ, ಕೈ ಎತ್ತಿ ತೀರ್ಮಾನ ಮಾಡಿ, ಗುಡ್ಡದ ಬುಡ ಬಿಟ್ಟು ಮುಂದಿನ ಕೊರಕಲಿಗೆ ಇಳಿದಿದ್ದರು. ಮೇಲಿನಿಂದ ನೋಡಿದರೆ ಆ ಕೊರಕಲು ಕಾಣುವುದಿಲ್ಲ, ಹುಲ್ಲು ಮಾತ್ರ ಕಾಣುತ್ತದೆ. ತಾವು ಎಲ್ಲಿದ್ದೇವೆ ಎಂದು ಚೀಟಿ ಕಳಿಸಿದರು. ಬೆಳಿಗ್ಗೆ ಇಂಗ್ಲಿಷರು ಅವರ ಮುಂದೆ ಬಂದರು. ನಮ್ಮ ಲೆಫ್ಟಿನೆಂಟ್, "ಒಂದು ಪರೀಕ್ಷಾ ಗುಂಡು ಹಾರಿಸೋಣವಾ?" ಎಂದು ಕೇಳಿದರು. ಮೊದಲು ಒಂದು ಗುಂಡನ್ನು ಬೇಕೆಂದೇ ದೂರಕ್ಕೆ ಹೊಡೆದು, ಎಲ್ಲಿ ಬಿತ್ತೆಂದು ನೋಡಿ, ಆಮೇಲೆ ಸರಿಪಡಿಸುವುದು ನಮ್ಮ ಪಾಠದ ಮೊದಲನೇ ಪುಟ. ನಾನು ಬೇಡ ಎಂದೆ.

ಯಾಕೆ ಬೇಡ ಎಂದೆ ಎಂದು ಹೇಳಬೇಕು. ಹಿಂದೆ ಹತ್ತಿಪ್ಪತ್ತು ರೈತರು ಪೈಪು ಸೇದುತ್ತ ಕೂತಿದ್ದರು. ಅವರಲ್ಲೊಬ್ಬ, "ನೋಡ್ರೋ, ಮೊದಲ್ನೇ ಗುಂಡು ಯಾವಾಗ್ಲೂ ದೇವರಿಗೆ, ಎರಡನೇದು ಮಣ್ಣಿಗೆ," ಎಂದ. ಎಲ್ಲರೂ ನಕ್ಕರು. ಮೊದಲನೆಯದೇ ತಾಗಬೇಕು ಎನ್ನಿಸಿತು ನನಗೆ. ಒಂದು ನಿಮಿಷದಲ್ಲಿ ನಾಲ್ಕು ಹಾರಿಸಿದೆ. ನಾಲ್ಕೂ ಒಂದೇ ಕಡೆ ಸಿಡಿದವು. ನಾನು ಅಂದುಕೊಂಡ ಜಾಗಕ್ಕಿಂತ ನಾನೂರು ಹೆಜ್ಜೆ ಈಚೆಗೆ, ಕೊರಕಲಿನ ಮೇಲೆ.

ನಾನು ದೂರವನ್ನು ತಪ್ಪಾಗಿ ಅಂದಾಜು ಮಾಡಿದೆ. ಅಷ್ಟೇ. ಬೇರೆ ಕಾರಣವಿಲ್ಲ.

ಅಣ್ಣನ ಜೊತೆ ಇನ್ನೂ ನಾಲ್ವರು ಹೋದರು. ಆರನೆಯವನು ಕುದುರೆಗಳನ್ನು ಹಿಡಿದುಕೊಂಡಿದ್ದ ಸೋಥೊ ಬುಡಕಟ್ಟಿನ ಆಳು ತಾಬೊ. ವರದಿಯಲ್ಲಿ ಬಿಳಿಯರನ್ನಷ್ಟೇ ಎಣಿಸಿ ಐದು ಎಂದು ಬರೆದರು. ಇಂಗ್ಲಿಷರ ಗುಂಡು ಎಂದೇ ಹೇಳಿ ಎಂದು ಕಮಾಂಡೆಂಟ್ ಆಜ್ಞೆ ಮಾಡಿದರು. ಇಲ್ಲದಿದ್ದರೆ ಮರುದಿನವೇ ಅರ್ಧ ಜನ ಮನೆಗೆ ಹೊರಡುತ್ತಿದ್ದರು.

ಪ್ರಮಾಣದ ಮಾತು ಸುಳ್ಳು. ಪಡೆಯೇ ಇಲ್ಲ ಈಗ, ಪ್ರಮಾಣಕ್ಕೆ ಒಡೆಯರೂ ಇಲ್ಲ. ಮನೆಗೆ ಬರಲಾರದ್ದಕ್ಕೆ ಒಂದು ನೆಪ ಬೇಕಿತ್ತು, ಅದು ಗೌರವದ ನೆಪವಾಗಿ ಸಿಕ್ಕಿತು. ಪಾದ್ರಿಯವರು ನನ್ನ ಹೆಸರು ಹೇಳಿದರು ಎಂದು ಓದಿ ಆ ದಿನ ಊಟ ಸೇರಲಿಲ್ಲ.

ಅರ್ಜೆಂಟೀನಾದ ಪಟ್ಟಿಯಲ್ಲಿ ಹೆಸರು ಬರೆಸಿದ್ದೇನೆ.

ಥ್ಯೂನಿಸ್


ಡ್ರೀಹೂಕ್
೩೦ ಆಗಸ್ಟ್ ೧೯೦೨

ಶ್ರೀ ಥ್ಯೂನಿಸ್ ಓಡೆಂದಾಲ್ ಅವರಿಗೆ,

ಪತ್ರ ಬಂತು. ಅತ್ತೆಗೆ ಓದಲಿಲ್ಲ. ದ್ವೀಪದಲ್ಲಿ ಮೀನು ಚೆನ್ನಾಗಿ ಸಿಗುತ್ತದೆ, ನಿಮ್ಮ ಕೆಮ್ಮು ವಾಸಿಯಾಗಿದೆ, ಗಾಳಿ ಜೋರು ಎಂದು ನನ್ನ ಮನಸ್ಸಿಗೆ ಬಂದದ್ದನ್ನು ಕಾಗದ ನೋಡಿಕೊಂಡು ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. "ಮೀನು ಅವನಿಗೆ ಮೊದಲಿಂದ್ಲೂ ಇಷ್ಟ," ಎಂದರು. ಇಷ್ಟವೋ ಅಲ್ಲವೋ ನನಗೆ ಗೊತ್ತಿಲ್ಲ.

ಹತ್ತಿಪ್ಪತ್ತು ಜನ ನಕ್ಕದ್ದಕ್ಕೆ ನನ್ನ ಗಂಡ ಹೋದರು. ಇಷ್ಟು ದಿನ ಇಂಗ್ಲಿಷರ ಮೇಲಿಟ್ಟಿದ್ದ ದ್ವೇಷವನ್ನು ಈಗ ಎಲ್ಲಿಡಲಿ?

ನೀವು ಅರ್ಜೆಂಟೀನಾಕ್ಕೆ ಹೋಗುವುದೇ ಒಳ್ಳೆಯದು. ಇಲ್ಲಿಗೆ ಬರಬೇಡಿ.

ಆಲೆಟ್ಟಾ ಓಡೆಂದಾಲ್


ಡ್ರೀಹೂಕ್
೧೭ ಸೆಪ್ಟೆಂಬರ್ ೧೯೦೨

ಥ್ಯೂನಿಸ್,

ನಿನ್ನ ಉತ್ತರ ಬಂದಿಲ್ಲ. ಬರುತ್ತದೆಂದು ಕಾದೂ ಇಲ್ಲ. ಆದರೂ ಇದನ್ನು ಬರೆಯಬೇಕು. ಎರಡು ಸಲ ಬರೆದು ಒಲೆಗೆ ಹಾಕಿದೆ.

ಮೊನ್ನೆ ಸೋಮವಾರ ನಿನ್ನ ಫಿರಂಗಿಯ ಕಾರ್ಪೊರಲ್ ಸಾರೆಲ್ ವೆಂಟರ್ ಬಂದಿದ್ದ. ಸಿಲೋನಿನ ಸೆರೆಯಿಂದ ವಾಪಸಾಗಿ ತನ್ನ ಊರಿಗೆ ನಡೆದು ಹೋಗುತ್ತಿದ್ದವನು, ಓಡೆಂದಾಲ್ ಎಂಬ ಹೆಸರು ಕೇಳಿ ಒಳಗೆ ಬಂದ. ಒಂದು ಕೈಯ ಮೂರು ಬೆರಳಿಲ್ಲ. ಬಾರ್ಲಿ ಹುರಿದು ಮಾಡಿದ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು, "ಅಕ್ಕಾ, ಇದು ಕಾಫಿನಾ, ಇಲ್ಲಾ ನಾನು ಶತ್ರುನಾ?" ಎಂದ. ಅತ್ತೆ ಎಷ್ಟೋ ತಿಂಗಳ ಮೇಲೆ ನಕ್ಕರು. ಆಮೇಲೆ ಅವರು ಕೋಳಿಗಳಿಗೆ ಕಾಳು ಹಾಕಲು, ದಾರಿಗೆಂದು ಕಟ್ಟಿದ ಹಗ್ಗ ಹಿಡಿದುಕೊಂಡು ಹಿತ್ತಲಿಗೆ ಹೋದರು.

ನಾನು ಕೇಳಿದೆ: "ನಿಮ್ಮ ಸಾರ್ಜೆಂಟ್ ದೂರ ತಪ್ಪು ಲೆಕ್ಕ ಹಾಕಿದ್ನಂತೆ, ಹೌದಾ?"

ಅವನು ಬಟ್ಟಲು ಕೆಳಗಿಟ್ಟ. "ಯಾರು ಹೇಳಿದ್ರು? ಥ್ಯೂನಿಸಾ? ಅಕ್ಕಾ, ಲೆಕ್ಕ ಹಾಕೋ ಪ್ರಶ್ನೆನೇ ಇರ್ಲಿಲ್ಲ. ನಾವು ಸರಪಳಿ ಹಿಡ್ಕೊಂಡು ಎರಡು ದಿನ ಬಿಸಿಲಲ್ಲಿ ಅಳೆದು, ಆರುನೂರು ಹೆಜ್ಜೆಗೊಂದರಂತೆ ಆರು ಕಲ್ಲು ಇಟ್ಟಿದ್ವಿ. ಸುಣ್ಣ ಹೊಡೆದು, ಹಿಂದೆ ಡಾಂಬರಲ್ಲಿ ನಂಬರು ಬರೆದು. ಶತ್ರು ಯಾವ ಕಲ್ಲಿನ ಹತ್ರ ಬಂದ ಅಂತ ನೋಡಿದ್ರೆ ದೂರ ಗೊತ್ತಾಗ್ತಿತ್ತು. ದಿನಾ ಬೆಳಿಗ್ಗೆ ದುರ್ಬೀನಲ್ಲಿ ಎಣಿಸ್ತಿದ್ವಿ. ಆರು ಬಿಳಿ ಚುಕ್ಕೆ. ಅವತ್ತೂ ಎಣಿಸಿದ್ವಿ, ಆರೂ ಇದ್ವು."

"ಮತ್ತೆ?"

"ಕೊರಕಲಲ್ಲಿದ್ದ ರೈತರು ಚೀಟಿ ಕಳಿಸಿದ್ರು. ಮೂರನೇ ಕಲ್ಲಿಂದ ಈಚೆ ನಾನೂರು ಹೆಜ್ಜೆಗೆ ನಾವಿದೀವಿ, ಕಲ್ಲಿಗೆ ಹೊಡೀರಿ ಅಂತ. ಹೊಡೆದ್ವಿ. ಮೂರನೇ ಕಲ್ಲಿಗೆ ಅಳೆದಿಟ್ಟ ದೂರಕ್ಕೇ ಹೊಡೆದ್ವಿ ಅಕ್ಕಾ, ಒಂದು ಗೇಣೂ ತಪ್ಪಿಲ್ಲ. ಆದ್ರೆ ಕಲ್ಲು ಅಲ್ಲಿರ್ಲಿಲ್ಲ. ಯಾವನೋ ಪುಣ್ಯಾತ್ಮ ಅದನ್ನ ನಾನೂರು ಹೆಜ್ಜೆ ಮುಂದೆ ಸಾಗಿಸಿದ್ದ. ಅದು ಮೊದಲಿದ್ದ ಜಾಗದಲ್ಲೇ ರೈತರಿದ್ರು."

ಅವನು ಮುಂದುವರಿಸಿದ. "ಸಂಜೆ ಥ್ಯೂನಿಸ್ ಒಬ್ನೇ ಆ ಕಲ್ಲಿನ ಹತ್ರ ನಡೆದು ಹೋದ. ಬಂದ ಮೇಲೆ ಬಾಯಿ ಬಿಡ್ಲಿಲ್ಲ. ವಿಚಾರಣೆಲಿ, ಕಲ್ಲು ಸರಿಯಾಗೇ ಇತ್ತು, ನನ್ನ ಕಣ್ಣು ತಪ್ಪಿತು ಅಂದ. ತೋಳಿನ ಸಾರ್ಜೆಂಟ್ ಪಟ್ಟಿ ಕಿತ್ಕೊಂಡ್ರು. ನಾನು ಕೇಳ್ದೆ, ಯಾಕಪ್ಪಾ ಸುಳ್ಳು ಹೇಳ್ದೆ ಅಂತ. ನನ್ನ ಕೆನ್ನೆಗೆ ಹೊಡೆದ. ಹನ್ನೆರಡು ವರ್ಷದ ಸ್ನೇಹ ನಮ್ದು."

ಸಾರೆಲ್ ಹೋದ ಮೇಲೆ ನಾನು ಆ ಬಟ್ಟಲನ್ನು ತೊಳೆದೆ, ಮತ್ತೆ ತೊಳೆದೆ.

ನಿನಗೆ ಗೊತ್ತಿರುವುದನ್ನೇ ನಾನು ಈಗ ನಿನಗೆ ಬರೆಯಬೇಕಾಗಿದೆ. ಆದರೆ ನನ್ನ ಬಾಯಿಂದ ಬರಬೇಕು.

ನಮ್ಮ ಮಾರ್ಥಿ ಬಂಡಿಯಲ್ಲೇ ಜ್ವರದಿಂದ ಹೋದದ್ದು ಜನವರಿ ಮೂರಕ್ಕೆ, ಕಾಳಗಕ್ಕೆ ಆರು ದಿನ ಮುಂಚೆ. ಏಳು ತಿಂಗಳ ಕೂಸು. ಕೊರಕಲಿನ ಆಚೆ ಒಂದೇ ಒಂದು ಜಾಲಿ ಮರವಿತ್ತು. ನೆರಳಿರುವ ಜಾಗ ಬೇಕು ಎಂದು ನಾನೇ ಹಟ ಮಾಡಿ ಅಲ್ಲಿ ಮಣ್ಣು ಮಾಡಿಸಿದೆ. ಗುಂಡಿ ಮುಚ್ಚಿದ ಮೇಲೆ ತಲೆಯ ಹತ್ತಿರ ಇಡಲು ಒಂದು ಕಲ್ಲೂ ಇರಲಿಲ್ಲ. ಸುತ್ತ ಬರೀ ಹುಲ್ಲು. ವಾಪಸು ಬರುವಾಗ ಆ ಬಿಳಿ ಕಲ್ಲು ನೋಡಿದೆ. ಹಿಟ್ಟಿನ ಮೂಟೆಯಷ್ಟಿತ್ತು, ಒಗೆದಷ್ಟು ಬೆಳ್ಳಗಿತ್ತು.

ಫ್ಲೋರಿಸ್, "ಅದು ಥ್ಯೂನಿಸನ ಕಲ್ಲು ಕಣೆ. ಮುಟ್ಟಿದ್ರೆ ರಂಪ ಮಾಡ್ತಾನೆ," ಎಂದರು.

ನಾನು, "ಅವನ ಹತ್ರ ಇನ್ನೂ ಐದಿದಾವೆ," ಎಂದೆ.

ಅವರು ಅದನ್ನು ಎತ್ತಿನ ತೊಗಲಿನ ಮೇಲೆ ಉರುಳಿಸಿ ಕುದುರೆಯಿಂದ ಎಳೆಸಿಕೊಂಡು ಬಂದರು. ಚಾಕುವಿನಿಂದ ಹೆಸರು ಕೆತ್ತಿದರು. "ನಾಳೆ ಅವನಿಗೆ ಹೇಳ್ತೀನಿ," ಎಂದರು. ನೀವಿಬ್ಬರೂ ಆ ವಾರ ಮಾತು ಬಿಟ್ಟಿದ್ದಿರಿ, ಅದೇ ಕಿತ್ತಳೆ ಕಾಲರಿನ ವಿಷಯಕ್ಕೆ. ಆ ನಾಳೆ ಬರಲಿಲ್ಲ.

ಇನ್ನೂ ಒಂದಿದೆ. ಕಲ್ಲಿನ ಬೆನ್ನಲ್ಲಿ ಡಾಂಬರಿನ ಮೂರು ಇತ್ತು. ಅದು ಕಾಣದಂತೆ ಮಣ್ಣಿನ ಕಡೆಗೆ ತಿರುಗಿಸಿ ಇಡಿಸಿದ್ದು ನಾನು. ಅಂಕೆ ಬರೆದ ಕಲ್ಲಿಗೆ ಏನೋ ಕೆಲಸವಿರುತ್ತದೆ ಎಂದು ಯಾರಿಗಾದರೂ ತಿಳಿಯುತ್ತದೆ. ನನಗೂ ತಿಳಿದಿತ್ತು. ನನ್ನ ಮಗಳ ತಲೆಯ ಹತ್ತಿರ ಅದು ಬೇಡವಾಗಿತ್ತು, ಅಷ್ಟೇ.

ನಿನ್ನ ತಪ್ಪೊಪ್ಪಿಗೆಯ ಪತ್ರ ಬಂದಾಗ ನಾನು ಅಳುತ್ತ ಕೂತೆನಾ? ಇಲ್ಲ. ಹದಿನೆಂಟು ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ, ಥ್ಯೂನಿಸ್. ಕೈಗೆ ಸಿಗುವಂಥ ಒಬ್ಬ ಅಪರಾಧಿ ಸಿಕ್ಕಿದ್ದ, ಪರಿಚಯದವನು, ಬೈದು ಪತ್ರ ಬರೆಯಬಹುದಾದವನು.

ನೀನು ಎಲ್ಲ ತಿಳಿದೂ ನನ್ನ ಬೈಗುಳ ಓದಿರುತ್ತೀಯ. ಅದನ್ನು ನೆನೆಸಿಕೊಂಡರೆ ಕೂರಲು ಆಗುವುದಿಲ್ಲ, ನಿಲ್ಲಲು ಆಗುವುದಿಲ್ಲ.

ಆಲೆಟ್ಟಾ


ಬ್ರಾಡ್‌ಬಾಟಮ್ ಶಿಬಿರ
೬ ಅಕ್ಟೋಬರ್ ೧೯೦೨

ಪ್ರೀತಿಯ ಅತ್ತಿಗೆ,

ನಿಮ್ಮ ಎರಡೂ ಪತ್ರ ಒಂದೇ ಹಡಗಿನಲ್ಲಿ ಬಂದವು. ಯಾವುದನ್ನು ಮೊದಲು ಒಡೆದೆ ಎಂದು ಹೇಳುವುದಿಲ್ಲ.

ಸಾರೆಲ್ ಹೇಳಿದ್ದು ನಿಜ. ಸಂಜೆ ಹೋಗಿ ನೋಡಿದೆ. ಆ ಹೆಸರಿನ ಅಕ್ಷರ ಅಣ್ಣನದೆಂದು ದೂರದಿಂದಲೇ ಗೊತ್ತಾಯಿತು. ಮಗು ಹೋದದ್ದೇ ನನಗೆ ತಿಳಿದಿರಲಿಲ್ಲ, ಅತ್ತಿಗೆ. ಅರ್ಧ ಗಂಟೆ ಕುದುರೆಯ ಹಾದಿಯಲ್ಲಿ ನಾನಿದ್ದೆ, ಮಾತು ಬಿಟ್ಟಿದ್ದಕ್ಕೆ ನನಗೆ ಯಾರೂ ಹೇಳಿ ಕಳಿಸಲಿಲ್ಲ. ಅಲ್ಲಿ ಕೂತೆ. ಕಲ್ಲನ್ನು ಮುಟ್ಟಲಿಲ್ಲ.

ನಾನು ಬಾಯಿ ಮುಚ್ಚಿಕೊಂಡದ್ದು ನಿಮ್ಮ ಮೇಲಿನ ಕರುಣೆಯಿಂದ ಎಂದು ನೀವು ಅಂದುಕೊಂಡಿದ್ದರೆ, ಅದನ್ನು ನಾನು ಹಾಗೇ ಬಿಡಬಹುದಿತ್ತು. ಇಷ್ಟು ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಎಲ್ಲವೂ ನನ್ನೊಬ್ಬನದೇ ತಪ್ಪು ಎಂದಾಗ ಹೊರಲು ಸುಲಭವಾಗಿತ್ತು. ಹೊತ್ತವನಿಗೆ ಒಂದು ಹೆಮ್ಮೆಯೂ ಇತ್ತು. ಪಕ್ಕದ ಗುಡಿಸಲಿನ ಮುದುಕ ಅಣಕಿಸಿದಾಗ ನಾನು ನಗುತ್ತಿದ್ದೆನಲ್ಲ, ಆ ನಗುವಿನಲ್ಲಿ ಆ ಹೆಮ್ಮೆ ಇತ್ತು. ನಿಮ್ಮನ್ನು ಉಳಿಸುತ್ತಿದ್ದೇನೆ ಎಂದುಕೊಂಡು ನಿಮ್ಮಿಂದ ಓಡುತ್ತಿದ್ದೆ. ನಿಮ್ಮೆದುರು ಕೂತು ಊಟ ಮಾಡಿದರೆ ಎಂದಾದರೊಂದು ದಿನ ನನ್ನ ಮುಖದಲ್ಲಿ ನಿಮಗೆ ಆ ಕಲ್ಲು ಕಂಡೇ ಕಾಣುತ್ತಿತ್ತು.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳುತ್ತೇನೆ, ಇದು ಸಮಾಧಾನಕ್ಕಲ್ಲ. ಅವತ್ತು ದುರ್ಬೀನಿನಲ್ಲಿ ಮೂರನೇ ಕಲ್ಲು ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಂಡಿತ್ತು. ಬಿಸಿಲಿನ ಝಳ ಎಂದುಕೊಂಡೆ. ಕಲ್ಲನ್ನು ಯಾರು ಬೇಕಾದರೂ ಸರಿಸಬಹುದು. ಹಸು ತಿಕ್ಕಿದರೂ ಉರುಳೀತು. ಅದಕ್ಕೇ ಪರೀಕ್ಷಾ ಗುಂಡು ಎಂಬುದೊಂದು ಇದೆ. ಆ ಒಂದು ಗುಂಡನ್ನು ಹಾರಿಸಲೆಂದೇ ರಾಜ್ಯ ನನಗೆ ಏಳು ವರ್ಷ ಸಂಬಳ ಕೊಟ್ಟಿತು. ಹೆಂಗಸೊಬ್ಬಳು ಕೂಸಿನ ತಲೆದೆಸೆಗೆ ಕಲ್ಲಿಡುವುದಕ್ಕೂ, ಕಲಿತವನು ಕಲಿತದ್ದನ್ನು ಮಾಡದೆ ಬಿಡುವುದಕ್ಕೂ ವ್ಯತ್ಯಾಸವಿದೆ. ಎಷ್ಟು ವ್ಯತ್ಯಾಸ ಎಂದು ಅಳೆಯಲು ನನಗೆ ಬರುವುದಿಲ್ಲ.

ಕೊನೆಯ ಹಡಗು ನವೆಂಬರ್ ಮಧ್ಯದಲ್ಲಿ ಹೊರಡುತ್ತದೆ. ಅರ್ಜೆಂಟೀನಾದ ಪಟ್ಟಿಯಿಂದ ಹೆಸರು ಹೊಡೆಸಬಹುದು. ಅವ್ವನಿಗೆ ಎಲ್ಲವನ್ನೂ ಓದಿ. ನನ್ನದು, ನಿಮ್ಮದು, ಎರಡನ್ನೂ. ನಿಮ್ಮ ಸೆಪ್ಟೆಂಬರಿನ ಪತ್ರವನ್ನು ಇದರೊಳಗೇ ಮಡಚಿ ಕಳಿಸುತ್ತಿದ್ದೇನೆ. ಅವ್ವ ಬೇಡ ಎಂದರೆ ಬರುವುದಿಲ್ಲ. ಬಾ ಎಂದರೆ ಸಹಿ ಹಾಕುತ್ತೇನೆ. ಓದದೆ ಬಾ ಎಂದು ಮಾತ್ರ ಬರೆಯಬೇಡಿ.

ನಿಮ್ಮ ಮೈದುನ,
ಥ್ಯೂನಿಸ್


ಡ್ರೀಹೂಕ್
೨೬ ಅಕ್ಟೋಬರ್ ೧೯೦೨

ಪ್ರೀತಿಯ ಥ್ಯೂನಿಸ್,

ಓದಿದೆ.

ಗುರುವಾರ ಮಧ್ಯಾಹ್ನ. ಅತ್ತೆ ಮೊರದಲ್ಲಿ ಮೆಕ್ಕೆಜೋಳದ ತೆನೆ ಇಟ್ಟುಕೊಂಡು ಕಾಳು ಬಿಡಿಸುತ್ತಿದ್ದರು. ಪತ್ರ ಬಂದಿದೆ ಎಂದ ಕೂಡಲೇ, "ಮೀನು ಹೆಂಗಿದೆಯಂತೆ?" ಎಂದರು. ಇದುವರೆಗೆ ಓದಿದ ಮೀನಿನ ಕತೆ ನಾನು ಕಟ್ಟಿದ್ದು ಎಂದು ಮೊದಲು ಹೇಳಿದೆ. ಅವರ ಕೈ ನಿಂತಿತು. "ಹೂಂ. ಓದು," ಎಂದರು.

ನಿನ್ನ ಆಗಸ್ಟಿನ ಪತ್ರ ಓದಿದೆ. ನಾನು ಬರಬೇಡಿ ಎಂದು ಬರೆದದ್ದನ್ನು ನೆನಪಿನಿಂದ ಹೇಳಿದೆ. ನನ್ನ ಸೆಪ್ಟೆಂಬರಿನ ಪತ್ರ ಓದಿದೆ. ಡಾಂಬರಿನ ಅಂಕೆಯ ಸಾಲು ಬಂದಾಗ ಬಿಟ್ಟುಬಿಡಬಹುದಿತ್ತು, ಅವರಿಗೆ ಕಾಣುವುದಿಲ್ಲವಲ್ಲ. ಬಿಡಲಿಲ್ಲ. ಆಮೇಲೆ ನಿನ್ನದು. ಮುಗಿಯುವ ಹೊತ್ತಿಗೆ ಗುಡಾರದ ನೆರಳು ಒಲೆಯವರೆಗೆ ಬಂದಿತ್ತು.

ಅತ್ತೆ, "ಫ್ಲೋರಿಸ್ ಏನಂದ? ಆ ಜಾಗ ಮತ್ತೆ ಓದು," ಎಂದರು.

ಓದಿದೆ. ನಾಳೆ ಅವನಿಗೆ ಹೇಳ್ತೀನಿ.

"ಯಾವತ್ತೂ ಹಂಗೇ ಅವನು," ಎಂದರು. "ಇನ್ನೊಂದ್ಸಲ ಓದು."

ಮೂರು ಸಲ ಓದಿಸಿದರು. ಅಳಲಿಲ್ಲ. ಒಂದು ತೆನೆಯನ್ನು ಕೈಗೆತ್ತಿಕೊಂಡು, ಒಂದು ಕಾಳನ್ನೂ ಬಿಡಿಸದೆ ವಾಪಸು ಇಟ್ಟರು. ಅವರು ಬೈದರೆ ಸಾಕು ಎಂದು ಕಾಯುತ್ತಿದ್ದೆ. ಬೈದರು, ಆದರೆ ನಾನು ಕಾಯುತ್ತಿದ್ದುದಕ್ಕಲ್ಲ.

"ಕಲ್ಲು ಬಿಡು. ಕೂಸು ಕಳ್ಕೊಂಡವಳು ಕಲ್ಲು ಹುಡುಕದೆ ಇನ್ನೇನ್ ಮಾಡ್ತಾಳೆ. ಎರಡು ತಿಂಗಳು ನನಗೆ ಮೀನಿನ ಕತೆ ಓದಿದ್ಯಲ್ಲ, ಅದು. ನನ್ನ ಮಗ ನನ್ನ ಇನ್ನೊಬ್ಬ ಮಗನ್ನ ಕೊಂದು ಅಲ್ಲಿ ಒಬ್ನೇ ಕೂತಿದಾನೆ, ಇಲ್ಲಿ ನಾನು ಊರಿಗೆಲ್ಲ ಅವನ ಪ್ರಮಾಣದ ಡಂಗುರ ಹೊಡೀತಿದೀನಿ. ನಿಮ್ಮಿಬ್ರಿಗೂ ನಾನು ಕುರುಡಿ, ಅಲ್ವಾ?"

ನಾನು ಅವರ ಕಾಲ ಹತ್ತಿರ ಕೂತೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

ಶುಕ್ರವಾರ, ಶನಿವಾರ ನಾನು ಮಾಡಿದ್ದನ್ನು ಉಂಡರು, ನನ್ನ ಜೊತೆ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ಕಪ್ಪು ಉಡುಪು ಹಾಕಿಕೊಂಡು, "ಚರ್ಚಿಗೆ ಕರ್ಕೊಂಡು ಹೋಗು," ಎಂದರು. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಯವರನ್ನು ಬಾಗಿಲಲ್ಲಿ ನಿಲ್ಲಿಸಿ, ಎಲ್ಲರೂ ಕೇಳುವಂತೆ ಹೇಳಿದರು: "ನನ್ನ ಮಗನ ವಿಷಯ ನೀವು ಹೇಳಿದ್ದು ವಾಪಸು ತಗೊಳ್ಳಿ. ಅವನು ಸಹಿ ಹಾಕ್ದೇ ಇರೋದು ಕೊಟ್ಟ ಮಾತಿಗೋಸ್ಕರ ಅಲ್ಲ. ಯಾಕೆ ಅಂತ ಅವನು ಬಂದ ಮೇಲೆ ಅವನೇ ಹೇಳ್ತಾನೆ. ಹೇಳ್ದಿದ್ರೆ ಇವಳು ಹೇಳ್ತಾಳೆ." ನನ್ನ ತೋಳನ್ನು ಹಿಡಿದು ಮುಂದಕ್ಕೆ ತಂದರು. ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಕೊರಕಲಿನಲ್ಲಿ ಸತ್ತ ಇನ್ನಿಬ್ಬರ ಹೆಂಡಂದಿರು ಅಲ್ಲೇ ಇದ್ದರು.

ದಾರಿಯಲ್ಲಿ ನಾನು ಕೇಳಿದೆ: "ಹಾಗಾದ್ರೆ ಬಾ ಅಂತ ಬರೀಲಾ?"

"ಬರಲಿ," ಎಂದರು. "ನನಗೆ ಕಣ್ಣಿಲ್ಲ. ನನ್ನ ಮುಂದೆ ಮುಖ ಹೊತ್ಕೊಂಡು ಕೂರೋ ಕಷ್ಟ ಅವನಿಗಿಲ್ಲ. ಆ ಕಷ್ಟ ನಿಂದು."

ಮನೆಯವರೆಗೂ ನನ್ನ ತೋಳನ್ನು ಬಿಡಲಿಲ್ಲ.

ಸಹಿ ಹಾಕು. ಯಾವ ಹಡಗು, ಯಾವ ದಿನ ಎಂದು ಬರೆ. ನಾನು ನಿಲ್ದಾಣಕ್ಕೆ ಬರುತ್ತೇನೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಲ್ಲುವುದಿಲ್ಲ. ನೀನು ನನ್ನ ಮುಖ ನೋಡು, ನಾನು ನಿನ್ನದು ನೋಡುತ್ತೇನೆ. ಆಮೇಲೆ ಆ ಇಬ್ಬರು ಹೆಂಗಸರ ಮನೆಗೆ, ತಾಬೊನ ತಾಯಿ ಎಲ್ಲಿದ್ದಾಳೆಂದು ಗೊತ್ತಾದರೆ ಅವಳಲ್ಲಿಗೂ ಹೋಗಬೇಕು. ನೀನೊಬ್ಬನೇ ಅಲ್ಲ, ನಾನೊಬ್ಬಳೇ ಅಲ್ಲ. ಯಾರು ಮೊದಲು ಬಾಯಿ ತೆರೆಯಬೇಕು ಎಂದು ದಾರಿಯಲ್ಲಿ ನಡೆಯುತ್ತ ಯೋಚಿಸೋಣ.

ನಿನ್ನ ಅತ್ತಿಗೆ,
ಆಲೆಟ್ಟಾ